ಹಿತ್ತಿಲ ಅರಿಸಿನ, ಮನೆಯ ಕುಂಕುಮ

ಮದುವೆಯಾದ ವಧೂವರರು ಮನೆಗೆ ಬಂದಾಗ ಅವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಕೆಂಪು ನೀರಿನ ಆರತಿ ಎತ್ತುವುದನ್ನು ನೋಡದ ಕನ್ನಡಿಗರು ವಿರಳ. ಆ ನೀರಿಗೆ ಓಕುಳಿಯೆಂದು ಹೆಸರು. ತಟ್ಟೆಯ ನೀರಿಗೆ ಒಂದು ಚಿಟಿಕೆ ಅರಿಸಿನ ಕದಡಿದರೆ ಹಳದಿ. ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ಬೆರಳ ತುದಿಯಿಂದ ಅದಕ್ಕೆ ತಾಗಿಸಿದರೆ ಕ್ಷಣಮಾತ್ರದಲ್ಲಿ ನೀರು ನೆತ್ತರಿನಂತೆ ಕೆಂಪಾಗುತ್ತದೆ. ನಮ್ಮ ಹೆಂಗಸರು ಇದನ್ನು ಎಷ್ಟು ತಲೆಮಾರುಗಳಿಂದ ಮಾಡುತ್ತ ಬಂದಿರುವರೋ! ಆದರೂ ಅದೊಂದು ರಾಸಾಯನಿಕ ಪ್ರಯೋಗವೆಂದು ಯಾರೂ ಎಣಿಸಿದಂತಿಲ್ಲ. ನಾವೂ ಎಣಿಸಿರಲಿಲ್ಲ. ಎಣಿಸುವಂತೆ ಮಾಡಿದುದು ಒಂದು ತುರಿಕೆ.

ನಮ್ಮ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ಮೂರು ವರ್ಷಗಳ ಹಿಂದೆ ಅವರ ಹಣೆಯಲ್ಲಿ ಕುಂಕುಮವಿಡುವ ಎಡೆ ಮೊದಲು ಕೆರೆಯತೊಡಗಿ, ಆಮೇಲೆ ಕಪ್ಪಾಯಿತು. ವೈದ್ಯರು ನೋಡಿ, ಅಂಗಡಿಯ ಕುಂಕುಮವನ್ನು ಬಿಟ್ಟುಬಿಡಬೇಕೆಂದರು. ಪೇಟೆಯಲ್ಲಿ ಸಿಗುವ ಕುಂಕುಮದಲ್ಲಿ ಅರಿಸಿನದ ಸುಳಿವೇ ಇಲ್ಲದಿರುವುದುಂಟು. ಹಿಟ್ಟಿಗೋ ಸೀಮೆಸುಣ್ಣದ ಪುಡಿಗೋ ಕೃತಕ ಬಣ್ಣ ಕಟ್ಟಿ ಮಾರುತ್ತಾರೆ. ಅಂತಹ ಬಣ್ಣಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲವೆಂಬುದು ಚರ್ಮವೈದ್ಯರಿಗೆ ಚೆನ್ನಾಗಿ ತಿಳಿದ ಸಂಗತಿ. (ಅರಿಸಿನವೂ ಒಗ್ಗದ ಚರ್ಮಗಳು ಇಲ್ಲದಿಲ್ಲ, ಮನೆಯಲ್ಲಿ ಮಾಡಿದ ಮಾತ್ರಕ್ಕೆ ಎಲ್ಲವೂ ನಿರಪಾಯವೆಂದು ತಿಳಿಯಬಾರದು.) ಬರಿ ಹಣೆಯಲ್ಲಿರಲು ತಾಯಿಯವರು ಒಪ್ಪಲಿಲ್ಲ. “ನಾನು ಸೊಸೆಯಾಗಿ ಬಂದಾಗ ಈ ಮನೆಗೆ ಬೇಕಾದ ಕುಂಕುಮವನ್ನೆಲ್ಲ ಮನೆಯಲ್ಲೇ ಮಾಡುತ್ತಿದ್ದೆವು. ಅರಿಸಿನ ತನ್ನಿ, ಮಾಡಿ ತೋರಿಸುತ್ತೇನೆ” ಎಂದರು. ಅವರು ಕಡೆಯ ಬಾರಿ ಅದನ್ನು ಮಾಡಿ ಮೂವತ್ತು ವರ್ಷಗಳು ಕಳೆದಿದ್ದುವು. ಕ್ರಮವನ್ನು ಯಾರೂ ಬರೆದಿಟ್ಟಿರಲಿಲ್ಲ. ಅದನ್ನು ಬಲ್ಲವರಾಗಿ ನಮ್ಮ ಬಳಗದಲ್ಲಿ ಉಳಿದಿದ್ದವರು ಅವರೊಬ್ಬರೇ.

ನಮ್ಮ ಮನೆಯಲ್ಲಿ ಆಗ ಹನ್ನೆರಡು ವರ್ಷದ ಮಗಳೂ ಎಂಟು ವರ್ಷದ ಮಗನೂ ಇದ್ದರು. ಅರಿಸಿನವನ್ನು ಕೊಂಡು ತರಬಾರದು, ಬೆಳೆಯಬೇಕೆಂದು ಹಟ ಹಿಡಿದವರು ಅವರು. ಹಟದಲ್ಲಿ ಒಂದು ನ್ಯಾಯವೂ ಇತ್ತು. ಅರಿಸಿನದ ಪುಡಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ವಿಷವಸ್ತುವನ್ನು ಬೆರಸುವ ದುಷ್ಟ ಪದ್ಧತಿ ನಮ್ಮ ಉಪಖಂಡದಲ್ಲಿ ಹಲವೆಡೆ ಬೆಳಕಿಗೆ ಬಂದಿದೆ.

ಮೇ ತಿಂಗಳ ಕೊನೆಯಲ್ಲಿ, ರೋಹಿಣಿ ಮಳೆ ಬಿದ್ದೊಡನೆ, ಹಿತ್ತಿಲ ಬಾವಿಕಟ್ಟೆಯ ಪಕ್ಕದಲ್ಲಿ ಎರಡು ಏರುಮಡಿಗಳನ್ನು ಮಾಡಿ ಮೊಳಕೆಗಣ್ಣಿರುವ ಗಡ್ಡೆಗಳನ್ನು ನೆಟ್ಟೆವು. ಬೀಜವನ್ನು ಏಕೆ ಬಿತ್ತಲಿಲ್ಲವೆಂದು ಮಗನು ಕೇಳಿದನು. ಒಳ್ಳೆಯ ಪ್ರಶ್ನೆ. ಅರಿಸಿನವು ಹೂ ಬಿಡುತ್ತದೆ; ಬಿಳಿಯ, ನಸುಗೆಂಪಿನ ದಳಪತ್ರಗಳ ನಡುವೆ ಹಳದಿ ಹೂಗಳು ಇಣಿಕುವುದನ್ನು ನೋಡಿದವರಿಗೆ ಅದರ ಚೆಲುವು ಗೊತ್ತು. ಆದರೆ ಬೀಜ ಕಟ್ಟುವುದು ತೀರ ಅಪರೂಪ. ಬಹುಪಾಲು ಅರಿಸಿನದ ಜೀವಕೋಶಗಳಲ್ಲಿ 63 ವರ್ಣತಂತುಗಳಿವೆ. ಅವು 21ರಂತೆ ಮೂರು ಜೊತೆ. ಪರಾಗವೂ ಅಂಡವೂ ರೂಪುಗೊಳ್ಳಬೇಕಾದರೆ ವರ್ಣತಂತುಗಳು ಸರಿಸಮನಾಗಿ ಎರಡು ಪಾಲಾಗಬೇಕಷ್ಟೆ. ಮೂರನ್ನು ಇಬ್ಬರಿಗೆ ಹಂಚುವುದೆಂತು? ಆದುದರಿಂದ ಗಡ್ಡೆಯ ತುಂಡಿನಿಂದಲೇ ಅದರ ವಂಶ ಮುಂದುವರಿಯಬೇಕು. ನಾವು ನೆಟ್ಟ ತುಂಡು ಹೋದ ವರ್ಷದ ಗಿಡದ ತುಂಡು, ಅದು ಅದರ ಹಿಂದಿನ ವರ್ಷದ್ದು. ಹೀಗೆ ಹಿಂದೆ ಹಿಂದೆ ಹೋದರೆ ಯಾವುದೋ ಕಾಲದಲ್ಲಿ ಯಾರೋ ಕಾಡಂಚಿನಿಂದ ತಂದು ನೆಟ್ಟ ಗಿಡವೇ ಕೈಯಿಂದ ಕೈಗೆ ದಾಟಿ ನಮ್ಮ ಬಾವಿಕಟ್ಟೆಯವರೆಗೆ ಬಂದಿದೆಯೆನ್ನಬೇಕು.

ಶ್ರಾವಣದಲ್ಲಿ ಎಲೆಗಳು ಮಕ್ಕಳ ಎದೆಮಟ್ಟಕ್ಕೆ ಬಂದುವು. ನಾಗರಪಂಚಮಿಯ ದಿನ ಆ ಎಲೆಗಳಲ್ಲಿ ಕಡುಬು ಬೆಂದಿತು. ಮಾಘದಲ್ಲಿ ಎಲೆ ಒಣಗಿ ಒರಗಿದ ಮೇಲೆ ಮಡಿಗಳನ್ನು ಅಗೆದು, ಗಡ್ಡೆಗಳನ್ನು ತೊಳೆದು, ಮೆತ್ತಗಾಗುವ ತನಕ ಬೇಯಿಸಿ, ಎರಡು ವಾರ ಬಿಸಿಲಿಗೆ ಹರಡಿದೆವು. ಬೇಯಿಸುವುದು ಏತಕ್ಕೆ ಎಂದರೆ, ಒಳಗಿನ ಪಿಷ್ಟವು ಬೆಂದು ಅಂಟಾಗಿ ಬಣ್ಣವು ಗಡ್ಡೆಯಲ್ಲೆಲ್ಲ ಸಮನಾಗಿ ಹರಡುತ್ತದೆ, ಗಡ್ಡೆ ಮತ್ತೆ ಮೊಳೆಯುವುದಿಲ್ಲ, ಬೇಗನೆ ಒಣಗುತ್ತದೆ. ಒಂದು ಗಡ್ಡೆಯನ್ನು ಬೇಯಿಸದೆ ಒಣಗಿಸಿ, ಎರಡನ್ನೂ ಮುರಿದು ಪಕ್ಕಪಕ್ಕದಲ್ಲಿಟ್ಟು ನೋಡುವಂತೆ ಮಕ್ಕಳಿಗೆ ಹೇಳಿದೆವು. ಇಷ್ಟರಿಂದಲೇ ಅವರು ಕಲಿತುದು ನಮ್ಮ ವಿವರಣೆಯಿಂದ ಕಲಿತುದಕ್ಕಿಂತ ಹೆಚ್ಚು.

ಏಪ್ರಿಲ್ ರಜದಲ್ಲಿ ಕುಂಕುಮದ ಕೆಲಸ ಮೊದಲಾಯಿತು. ತಾಯಿಯವರ ಲೆಕ್ಕ ಹೀಗಿತ್ತು: ಒಡೆದ ಅರಿಸಿನ ಒಂದು ಸೇರು, ಬಿಳಿಗಾರ ಒಂದು ಹಿಡಿ, ಪಟಿಕ ಅರ್ಧ ಹಿಡಿ, ನಿಂಬೆಯ ರಸ “ಮುಳುಗಿಯೂ ಮುಳುಗದಂತೆ.” ಬಿಳಿಗಾರ, ಪಟಿಕಗಳನ್ನು ಗ್ರಂಧಿಗೆ ಅಂಗಡಿಯಿಂದ ತಂದುದಾಯಿತು. ಹಿಡಿಯೆಂದರೆ ಎಷ್ಟು? ಮಗಳು ಅಡಿಗೆಮನೆಯ ತಕ್ಕಡಿಯನ್ನು ಮುಂದಿಟ್ಟು ಅಜ್ಜಿಯ ಕೈಯಿಂದ ಮೂರು ಬಾರಿ ಬಿಳಿಗಾರವನ್ನು ಹಿಡಿಹಿಡಿಯಾಗಿ ಹಾಕಿಸಿದಳು. 52 ಗ್ರಾಂ, 49 ಗ್ರಾಂ, 51 ಗ್ರಾಂ. ಮೂವತ್ತು ವರ್ಷ ಬಿಳಿಗಾರವನ್ನು ಮುಟ್ಟದ ಕೈ ಅದು! ಮಗಳ ಹಿಡಿ ತೂಗಿದುದು 34 ಗ್ರಾಂ. ಅಂದರೆ, ಅಜ್ಜಿಯ ಮಾತನ್ನು ಕೇಳಿ ಮೊಮ್ಮಗಳು ತನ್ನ ಹಿಡಿಯಿಂದಲೇ ಅಳೆದಿದ್ದರೆ ಮೂರರಲ್ಲೊಂದು ಪಾಲು ಬಿಳಿಗಾರ ಕಡಿಮೆ ಬೀಳುತ್ತಿತ್ತು. (ಬಿಳಿಗಾರವು ಹೊಟ್ಟೆಗೆ ಹೋಗತಕ್ಕ ವಸ್ತುವಲ್ಲ. ಚಿಕ್ಕ ಮಕ್ಕಳ ಕೈಗೆ ಅದನ್ನು ಕೊಡಬಾರದು. ಮುಟ್ಟಿದವರು ಕೈ ತೊಳೆಯಬೇಕು.)

ಇಷ್ಟು ಎಚ್ಚರ ವಹಿಸಿಯೂ ಮೊದಲ ಸಾರಿ ಕೆಲಸ ಕೆಟ್ಟಿತು. ಎರಡು ದಿನ ನೆನೆದ ಅರಿಸಿನ ಕೆಂಪಾಗುವ ಬದಲು ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತು. ತಾಯಿಯವರು ಅದನ್ನು ನೋಡಿ ಮಾತಾಡದೆ ಒಳಗೆ ಹೋದರು. ಅಂದು ರಾತ್ರಿ ಅವರು ಊಟವನ್ನೂ ಸರಿಯಾಗಿ ಮಾಡಲಿಲ್ಲ. ತಮ್ಮ ನೆನಪೇ ತಪ್ಪಿತೆಂದು ಅವರಿಗೆ ತೋರಿತ್ತು. ಆ ವಯಸ್ಸಿನಲ್ಲಿ ಅದೊಂದು ಸಣ್ಣ ಅಂಜಿಕೆಯಲ್ಲ.

ಮರುದಿನ ಮಗಳು ಅಜ್ಜಿಯ ಬಳಿ ಕುಳಿತು ಹಳೆಯ ಕಾಲದ ಸಂಗತಿಗಳನ್ನು ಒಂದೊಂದಾಗಿ ಕೇಳತೊಡಗಿದಳು. ಎಲ್ಲಿ ಕೂತು ಮಾಡುತ್ತಿದ್ದಿರಿ? ಯಾರು ಯಾರು ಇದ್ದಿರಿ? ಯಾವುದರಲ್ಲಿ ನೆನೆಹಾಕುತ್ತಿದ್ದಿರಿ? “ಯಾವುದರಲ್ಲಿ ಎಂದರೆ? ಕಲ್ಲಿನ ಮರಿಗೆಯಲ್ಲಿ” ಎಂದರು ತಾಯಿಯವರು, ಇದೂ ಒಂದು ಕೇಳುವ ಮಾತೇ ಎಂಬಂತೆ. ನಾವು ನೆನೆಹಾಕಿದ್ದುದು ಕಬ್ಬಿಣದ ಬಾಣಲೆಯಲ್ಲಿ! ಅವರ ಕಾಲದಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಮರಿಗೆ ಇದ್ದಿತು, ಹುಳಿಯ ಪದಾರ್ಥವೆಂದರೆ ಅದಕ್ಕೇ ಸಲ್ಲುತ್ತಿತ್ತು. ಪಾತ್ರೆಯ ವಿಷಯವನ್ನು ಅವರು ಮರೆತಿರಲಿಲ್ಲ. ಹೇಳಬೇಕಾದ ಸಂಗತಿಯೆಂದೇ ಅವರಿಗೆ ತೋರಿರಲಿಲ್ಲ. ಅಡಿಗೆ, ನೇಯ್ಗೆ, ಮರಗೆಲಸ ಮೊದಲಾದ ಕೈಕಸುಬುಗಳನ್ನು ಪುಸ್ತಕದಿಂದ ಕಲಿಯಹೊರಟವರು ಎಡವುವುದು ಹೆಚ್ಚಾಗಿ ಇಂತಹ ಎಡೆಯಲ್ಲಿಯೇ.

ಅಜ್ಜಿಯ ಮೇಲೆ ಬಂದ ಅಪವಾದವನ್ನು ತೊಡೆಯಲು ಮಗಳು ತಾನೇ ಒಂದು ಪರೀಕ್ಷೆ ಹೂಡಿದಳು. ಮೂರು ಪಿಂಗಾಣಿ ತಟ್ಟೆಗಳಲ್ಲಿ ಒಂದೇ ಮಿಶ್ರಣ. ಒಂದರಲ್ಲಿ ಕಬ್ಬಿಣದ ಮೊಳೆ, ಇನ್ನೊಂದರಲ್ಲಿ ಗಾಜಿನ ಗೋಲಿ, ಮೂರನೆಯದರಲ್ಲಿ ಏನೂ ಇಲ್ಲ. ಮರುದಿನ ಮೊಳೆಯಿದ್ದ ತಟ್ಟೆಯೊಂದೇ ಕಂದಾಯಿತು. ನಿಂಬೆಯ ರಸವು ಕಬ್ಬಿಣವನ್ನು ಕರಗಿಸುತ್ತದೆ. ಕರಗಿದ ಕಬ್ಬಿಣವು ಅರಿಸಿನದ ವರ್ಣದ್ರವ್ಯದೊಡನೆ ಸೇರಿ ಬಣ್ಣವನ್ನು ಕಂದಿಸುತ್ತದೆ. ತಟ್ಟೆಗಳನ್ನು ನೋಡಿ ತಾಯಿಯವರು ನಕ್ಕುದು ನಮಗೆ ಅಂದಿನ ಎಲ್ಲ ಫಲಿತಾಂಶಗಳಿಗಿಂತ ದೊಡ್ಡದಾಗಿ ಕಂಡಿತು.

ಎರಡನೆಯ ಬಾರಿ ಪಿಂಗಾಣಿ ಜಾಡಿಯಲ್ಲಿ ನೆನೆಹಾಕಿದ ತುಂಡುಗಳನ್ನು ನೆರಳಿನಲ್ಲಿ ಆರಹಾಕಿದೆವು. ಒಣಗಿದಂತೆಲ್ಲ ಕೆಂಪೇರುತ್ತ ಹೋಯಿತು. ಆಗ ಮಗನು ಒಂದು ತಕರಾರು ತೆಗೆದನು. ಅವನು ಓಕುಳಿಯ ನೀರಿಗೆ ನಿಂಬೆಹಣ್ಣು ಹಿಂಡಿ ನೋಡಿದ್ದನು. ಕೆಂಪು ಹೋಗಿ ಮತ್ತೆ ಹಳದಿಯಾಗಿತ್ತು. “ಕುಂಕುಮಕ್ಕೂ ನಿಂಬೆರಸವನ್ನೇ ಹಾಕಿದ್ದೀರಲ್ಲ, ಅಜ್ಜೀ. ಇದೇಕೆ ಹಳದಿಯಾಗಲಿಲ್ಲ?”

ತಾಯಿಯವರು ನಮ್ಮ ಮುಖ ನೋಡಿದರು. ಉತ್ತರ ಹುಡುಕಲು ನಮಗೆ ಎರಡು ದಿನ ಹಿಡಿಯಿತೆಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವೇನೂ ಇಲ್ಲ.

ಅರಿಸಿನದ ಹಳದಿಗೆ ಮುಖ್ಯ ಕಾರಣ ಕುರ್ಕುಮಿನ್ ಎಂಬ ವಸ್ತು. ಒಣ ಅರಿಸಿನದ ನೂರು ಭಾಗದಲ್ಲಿ ಸಾಮಾನ್ಯವಾಗಿ ಎರಡರಿಂದ ಐದು ಭಾಗದಷ್ಟು ಅದಿರುತ್ತದೆ. ಫೋಗೆಲ್ ಮತ್ತು ಪೆಲ್ಲೆಟಿಯೆ ಎಂಬ ರಸಾಯನಶಾಸ್ತ್ರಜ್ಞರು 1815ರಲ್ಲಿ ಅದನ್ನು ಬೇರ್ಪಡಿಸಿದರು; ಅದರ ರಚನೆ ಸ್ಪಷ್ಟವಾದುದು 1910ರಲ್ಲಿ. 21 ಇಂಗಾಲ, 20 ಜಲಜನಕ, 6 ಆಮ್ಲಜನಕ ಪರಮಾಣುಗಳಿಂದಾದ ಅದರ ಅಣುವು ಬೆಳಕಿನಲ್ಲಿರುವ ನೀಲಿಯನ್ನು ಹೀರಿಕೊಳ್ಳುತ್ತದೆ. ಉಳಿದ ಬೆಳಕು ನಮಗೆ ಹಳದಿಯಾಗಿ ಕಾಣುತ್ತದೆ. ಸುಣ್ಣದಂತಹ ಕ್ಷಾರವು ಸೇರಿದಾಗ ಅಣುವು ತನ್ನ ಒಂದು ಜಲಜನಕದ ಅಯಾನನ್ನು ಬಿಟ್ಟುಕೊಡುತ್ತದೆ. ಆಗ ಹೀರುವ ಬೆಳಕು ನೀಲಿಯಿಂದ ಹಸುರಿನ ಕಡೆಗೆ ಸರಿಯುತ್ತದೆ, ನಮ್ಮ ಕಣ್ಣಿಗೆ ಕೆಂಪು ತೋರುತ್ತದೆ. ನಿಂಬೆಯ ಆಮ್ಲವು ಆ ಅಯಾನನ್ನು ಹಿಂತಿರುಗಿಸಿದರೆ ಮತ್ತೆ ಹಳದಿ. ಓಕುಳಿಯ ಕೆಂಪು ಇಂತಹ ಸಾಲದ ಬಣ್ಣ.

ಬಿಳಿಗಾರದ ಕಥೆಯೇ ಬೇರೆ. ಅದರಲ್ಲಿ ಬೋರಾನ್ ಎಂಬ ಧಾತು ಇದೆ. ಆಮ್ಲವು ಸೇರಿದಾಗ ಬಿಳಿಗಾರದಿಂದ ಬೋರಿಕ್ ಆಮ್ಲ ಹುಟ್ಟುತ್ತದೆ. ಅದು ಕುರ್ಕುಮಿನ್ನಿನೊಡನೆ ಒಣಗುತ್ತ ಬಂದಾಗ ಬೋರಾನ್ ಪರಮಾಣುವು ವರ್ಣದ ಅಣುವನ್ನೇ ಹಿಡಿದುಕೊಂಡು ಹೊಸದೊಂದು ಕೆಂಪು ವಸ್ತು ರೂಪುಗೊಳ್ಳುತ್ತದೆ. ಆಮ್ಲಕ್ಕೆ ಅದು ಜಗ್ಗುವುದಿಲ್ಲ. ಪ್ರಯೋಗಶಾಲೆಗಳಲ್ಲಿ ಬೋರಿಕ್ ಆಮ್ಲವನ್ನು ಗುರುತಿಸಲು ಅರಿಸಿನದ ಕಾಗದವನ್ನು ಬಳಸುತ್ತಿದ್ದುದು ಇದರಿಂದಲೇ: ಕಾಗದ ಒಣಗಿದಾಗ ಕೆಂಪುಗಂದು, ಅದರ ಮೇಲೆ ಕ್ಷಾರದ ಹನಿ ಬಿದ್ದರೆ ಹಸುರುಗಪ್ಪು. ನೀರಿನಲ್ಲಿರುವ ಅತ್ಯಲ್ಪ ಬೋರಾನನ್ನು ಅಳೆಯುವುದಕ್ಕೆ ಕುರ್ಕುಮಿನ್ನಿನ ವಿಧಾನ ಇಂದಿಗೂ ಉಂಟು. ನಾವು ಅರಿಸಿನ ಬಳಿದ ಎರಡು ಕಾಗದದ ಪಟ್ಟಿಗಳನ್ನು ತೆಗೆದುಕೊಂಡು, ಒಂದನ್ನು ಸುಣ್ಣದ ತಿಳಿನೀರಿನಲ್ಲಿಯೂ ಇನ್ನೊಂದನ್ನು ನಿಂಬೆರಸದಲ್ಲಿ ಕರಗಿಸಿದ ಬಿಳಿಗಾರದಲ್ಲಿಯೂ ಅದ್ದಿ ಒಣಗಿಸಿದೆವು. ಎರಡೂ ಕೆಂಪಾದುವು. ಮಗನು ಎರಡರ ಮೇಲೂ ನಿಂಬೆಯ ಹನಿ ಬಿಟ್ಟನು. ಮೊದಲನೆಯದು ಹಳದಿಗೆ ಓಡಿತು, ಎರಡನೆಯದು ಅಲುಗಲಿಲ್ಲ. ಒಂದು ನಿಮಿಷದ ಕೆಲಸ, ಆದರೆ ಆ ಹುಡುಗನು ಅಂದು ಮಧ್ಯಾಹ್ನವೆಲ್ಲ ಪಟ್ಟಿಗಳ ಮೇಲೆ ಪಟ್ಟಿಗಳನ್ನು ಒಣಹಾಕುತ್ತಲೇ ಇದ್ದನು.

ನೆರಳಿನಲ್ಲಿಯೇ ಏಕೆ ಆರಹಾಕಬೇಕೆಂಬುದಕ್ಕೂ ಉತ್ತರ ಸಿಕ್ಕಿತು. ಕುರ್ಕುಮಿನ್ ಬಿಸಿಲಿಗೆ ಬಾಳದು. ಅರಿಸಿನದ ಕಲೆ ಬಿದ್ದ ಬಟ್ಟೆಯನ್ನು ಬಿಸಿಲಿಗೆ ಹಾಕುವ ಅಗಸರು ಇದನ್ನು ಬಲ್ಲರು. ಈ ಕೇಡನ್ನೇ ಕುಶಲವಾಗಿ ಬಳಸಿಕೊಂಡ ವಿಜ್ಞಾನಿ ಜಾನ್ ಹರ್ಷೆಲ್. ಹೂಗಳ ರಸ ಬಳಿದ ಕಾಗದದ ಮೇಲೆ ಬಿಸಿಲಿನಿಂದ ಚಿತ್ರ ಮೂಡಿಸುವ ಕ್ರಮವನ್ನು ಅವನು 1842ರಲ್ಲಿ ಪ್ರಕಟಿಸಿದನು. ಗೃಹಕಲೆ ಅವನಿಗೆ ಹೊಸದಾಗಿರಲಿಲ್ಲ. ದಕ್ಷಿಣದ ಆಕಾಶವನ್ನು ಅಳೆಯಲು ಆಫ್ರಿಕದ ಗುಡ್‌ಹೋಪ್ ಭೂಶಿರದಲ್ಲಿ 1834ರಿಂದ 1838ರವರೆಗೆ ಸಂಸಾರಸಮೇತನಾಗಿ ನೆಲಸಿದ್ದಾಗ, ಅಲ್ಲಿನ ಹೂಗಿಡಗಳ ರೇಖೆಗಳನ್ನು ಅವನು ಬರೆಯುವುದು, ಹೆಂಡತಿ ಮಾರ್ಗರೆಟ್ ಅವಕ್ಕೆ ಬಣ್ಣ ತುಂಬುವುದು, ಹೀಗೆ ಇಬ್ಬರೂ ಕೂಡಿ ನೂರಕ್ಕೂ ಮಿಕ್ಕ ಚಿತ್ರಗಳನ್ನು ಮಾಡಿದ್ದರು.

ನಮ್ಮ ಮಕ್ಕಳ ಚಿತ್ರಗಳಿಗೆ ಬೇಕಾದುದು ಅರಿಸಿನದ ಪುಡಿ, ಔಷಧದಂಗಡಿಯ ಸ್ಪಿರಿಟ್, ದಪ್ಪ ಕಾಗದ, ಒಂದು ಗಾಜಿನ ಹಲಗೆ, ಇಷ್ಟೆ. ಕುರ್ಕುಮಿನ್ ನೀರಿನಲ್ಲಿ ಕರಗದಾದುದರಿಂದ ಸ್ಪಿರಿಟ್ ಬೇಕು. ದೊಡ್ಡವರು ಒಲೆಯಿಂದ ದೂರದಲ್ಲಿ ಅದನ್ನು ಕದಡಿಕೊಡಬೇಕು. ಸೋಸಿದ ಹಳದಿ ರಸವನ್ನು ಕಾಗದಕ್ಕೆ ಬಳಿದು ಕತ್ತಲೆಯಲ್ಲಿ ಒಣಗಿಸಿ, ಮೇಲೆ ಜರಿಗಿಡದ ಎಲೆಯನ್ನಿರಿಸಿ, ಗಾಜು ಮುಚ್ಚಿ, ಕಡು ಬಿಸಿಲಿನಲ್ಲಿ ಕೆಲವು ಗಂಟೆ ಬಿಟ್ಟರೆ ಎಲೆಯ ನೆರಳಿದ್ದೆಡೆ ಹಳದಿ ಉಳಿದು ಸುತ್ತಲೂ ಬಿಳುಪೇರುತ್ತದೆ. ಆ ಮೇಲೆ ಬಿಳಿಗಾರದ ನೀರು ಸವರಿದರೆ ಹಳದಿ ಎಲೆ ಕೆಂಪುಗಂದಾಗಿ ಎದ್ದು ನಿಲ್ಲುತ್ತದೆ. ಇಂತಹ ಚಿತ್ರಗಳನ್ನು ಗೋಡೆಗೆ ತೂಗುಹಾಕಿದರೆ ಬೆಳಕಿಗೆ ಮಾಸಿಹೋಗುವುವು. ನಮ್ಮಲ್ಲಿ ಅವನ್ನು ಹಳೆಯ ಪಂಚಾಂಗದ ಹಾಳೆಗಳ ನಡುವೆ ಇಟ್ಟಿದ್ದೇವೆ.

ಕುಂಕುಮವನ್ನು ಕುಟ್ಟಿ, ತೆಳುಬಟ್ಟೆಯಲ್ಲಿ ವಸ್ತ್ರಗಾಳಿಸಿ, ಎರಡು ಹನಿ ತುಪ್ಪ ತಿಕ್ಕಿ ಕರಡಿಗೆಗೆ ತುಂಬಿದುದು ಅಕ್ಷಯತದಿಗೆಯ ಹಿಂದಿನ ದಿನ. ಅಂಗಡಿಯದರಷ್ಟು ಕಣ್ಣು ಕೋರೈಸುವ ಕೆಂಪೇನೂ ಅಲ್ಲ; ಕಾವಿಗೆ ಸ್ವಲ್ಪ ಹತ್ತಿರ. ತಾಯಿಯವರು ಮೊದಲು ಮೊಳಕೈಯ ಮೇಲೆ ಹಚ್ಚಿ ಮೂರು ದಿನ ಕಾದು, ಕೆರೆತವಿಲ್ಲವೆಂದು ಖಚಿತವಾದ ಮೇಲೆ ಹಣೆಗಿಟ್ಟುಕೊಂಡರು. ಹಣೆಯ ಕಪ್ಪು ಈಗ ಹುಡುಕಿದರೆ ಮಾತ್ರ ಕಾಣುತ್ತದೆ.

ಮಗಳ ಟಿಪ್ಪಣಿಪುಸ್ತಕದಲ್ಲಿ ಕ್ರಮವೆಲ್ಲ ದಾಖಲಾಗಿದೆ. ಮೊದಲ ಸಾಲಿನಲ್ಲಿ “ಕಬ್ಬಿಣ ಕೂಡದು” ಎಂದೂ, ಅದರ ಕೆಳಗೆ “ಒಂದು ಹಿಡಿ ಎಂದರೆ ಅಜ್ಜಿಯ ಹಿಡಿ, 51 ಗ್ರಾಂ” ಎಂದೂ ಇದೆ. ಬೇಯಿಸದೆ ಉಳಿಸಿಕೊಂಡ ಗಡ್ಡೆಗಳು ಅಟ್ಟದ ಕೆಳಗೆ ಮರಳಿನಲ್ಲಿ ಹೂತುಕೊಂಡಿವೆ. ಅವುಗಳಲ್ಲಿ ಎರಡು ಈಗಲೇ ಕಣ್ಣೊಡೆದಿವೆಯೆಂದು ಮಗನು ಇಂದು ಬೆಳಿಗ್ಗೆ ವರದಿ ತಂದನು.