ಕರಸ್ಥಲದ ಕುರುಹು, ಷಡಕ್ಷರದ ಉಸಿರು

ಇಷ್ಟಲಿಂಗವು ಕಪ್ಪಾಗಿರುವುದೇಕೆ ಎಂದು ಮನೆಯ ಮಕ್ಕಳು ಕೇಳುತ್ತಾರೆ. ಹಿಂದಿನಿಂದ ಬಂದ ಪದ್ಧತಿ ಎಂಬಷ್ಟಕ್ಕೇ ಹಿರಿಯರ ಉತ್ತರ ಮುಗಿಯುವುದುಂಟು. ಅರ್ಥವಿಲ್ಲದ ಕುರುಹೊಂದನ್ನು ಶರಣರು ನಮ್ಮ ಕೈಗೆ ಇತ್ತವರಲ್ಲ.

ಒಳಗಿರುವುದು ಪುಟ್ಟ ಶಿಲಾಲಿಂಗ. ಐದು ಅಳತೆಗಳ ಗೊತ್ತಾದ ಪ್ರಮಾಣದಲ್ಲಿ ಕಡೆದುದರಿಂದ ಅದು ಪಂಚಸೂತ್ರಲಿಂಗ. ಅದರ ಮೇಲೆ ಗೋಮಯದ ಬೂದಿ, ಗೇರಿನ ರಸ ಮೊದಲಾದವುಗಳಿಂದ ಕಟ್ಟಿದ ಲೇಪವೇ ಕಂತಿ. ನಟರಾಜನ ವಿಗ್ರಹದ ಮುಂದೆ ನಿಂತಾಗ ಡಮರುವಿನಲ್ಲಿ ಸೃಷ್ಟಿಯನ್ನೂ ಅಗ್ನಿಯಲ್ಲಿ ಲಯವನ್ನೂ ಕಾಣುತ್ತೇವೆ. ಅಲ್ಲಿ ಕಣ್ಣಿಗೆ ಓದಲು ಬಹಳವಿದೆ. ಇಷ್ಟಲಿಂಗದಲ್ಲಿ ಮುಖವಿಲ್ಲ, ಆಯುಧವಿಲ್ಲ, ವಾಹನವಿಲ್ಲ. ಎಡ ಅಂಗೈಯಲ್ಲಿಟ್ಟು ಎವೆಯಿಕ್ಕದೆ ನೋಡಿದರೆ ಆ ಕರಿಯ ಮೈಯಲ್ಲಿ ದೀಪದ ಬೆಳಕಿನ ಒಂದು ಬಿಂದು ಮಾತ್ರ ಹೊಳೆಯುತ್ತದೆ. ಅಲೆಯಲು ಎಡೆಯಿಲ್ಲದ ದೃಷ್ಟಿ ಅಲ್ಲಿಯೇ ನಿಲ್ಲುತ್ತದೆ. (ಬೆಳ್ಳಿಯ ಕರಡಿಗೆಯ ತೂಕವನ್ನು ವಿಚಾರಿಸುವಷ್ಟು ಆಸಕ್ತಿಯಿಂದ ಕಂತಿ ಬಿರುಕುಬಿಟ್ಟಿದೆಯೇ ಎಂದು ನೋಡುವವರು ವಿರಳ.)

ದೃಷ್ಟಿ ನಿಂತೊಡನೆ ಮನಸ್ಸು ನಿಲ್ಲುವುದಿಲ್ಲ. ಅದಕ್ಕಾಗಿಯೇ ಗುರುವು ಕ್ರಿಯಾದೀಕ್ಷೆಯಿಂದ ಸ್ಥೂಲ ತನುವಿಗೆ ಇಷ್ಟಲಿಂಗವನ್ನು ಕೊಡುವಂತೆ, ಮಂತ್ರದೀಕ್ಷೆಯಿಂದ ಸೂಕ್ಷ್ಮ ತನುವಿಗೆ ಪ್ರಾಣಲಿಂಗವನ್ನು ಕೊಡುತ್ತಾನೆ. ನಮಃಶಿವಾಯ ಎಂಬ ಐದಕ್ಷರಗಳು ಕೃಷ್ಣಯಜುರ್ವೇದದ ರುದ್ರಾಧ್ಯಾಯದಲ್ಲಿಯೇ ಬರುತ್ತವೆ. ಓಂಕಾರ ಕೂಡಿದಾಗ ಷಡಕ್ಷರ. ಆದರೆ ಶರಣರ ಷಟ್‌ಸ್ಥಲದಲ್ಲಿ ಈ ಅಕ್ಷರಗಳು ನಾಲಗೆಯ ಮೇಲಷ್ಟೇ ಉಳಿಯಲಿಲ್ಲ, ದೇಹದಲ್ಲೆಲ್ಲ ನೆಲೆಗೊಂಡವು. ನಕಾರವು ಪೃಥ್ವಿ, ಅದರ ಮುಖ ಮೂಗು, ಅಲ್ಲಿರುವುದು ಆಚಾರಲಿಂಗ. ಮಕಾರವು ಜಲ, ಅದರ ಮುಖ ನಾಲಗೆ, ಅಲ್ಲಿ ಗುರುಲಿಂಗ. ಹೀಗೆಯೇ ಶಿಕಾರಕ್ಕೆ ಕಣ್ಣು, ವಾಕಾರಕ್ಕೆ ಚರ್ಮ, ಯಕಾರಕ್ಕೆ ಕಿವಿ; ಓಂಕಾರಕ್ಕೆ ಹೃದಯವೂ ಮಹಾಲಿಂಗವೂ.

ಇದು ಬರಿಯ ಶಾಸ್ತ್ರದ ಲೆಕ್ಕವೆಂದು ತಿಳಿಯಬಾರದು. ಹೂವಿನ ಪರಿಮಳವು ಮೂಗಿಗೆ ಬರುವಾಗಲೇ ಆಚಾರಲಿಂಗಕ್ಕೆ ಅರ್ಪಿತವಾಗಬೇಕು, ರುಚಿಯು ನಾಲಗೆಗೆ ತಾಗುವಾಗಲೇ ಗುರುಲಿಂಗಕ್ಕೆ. ಹಾಗಾದರೆ ಅಡುಗೆಮನೆಯ ತುತ್ತೂ ಪೂಜೆಯೇ. ಬೆಳಗಿನ ಅರ್ಧ ಗಂಟೆಯ ಪೂಜೆ ಮುಗಿಸಿ ದಿನವಿಡೀ ಕಟುವಾಗಿ ಮಾತನಾಡುವವನ ಷಡಕ್ಷರವು ಅರ್ಧಕ್ಕೇ ನಿಂತಂತೆ.

ಇಲ್ಲಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಲಿಂಗವಂತರಿಗೆ ಇಲ್ಲವೆಂದರು. ಹೀಗಿದ್ದೂ ತಿಂಗಳ ಆ ದಿನಗಳಲ್ಲಿ ಸೊಸೆಯಂದಿರ ಲಿಂಗವನ್ನು ಬಿಚ್ಚಿಸಿ ಗೂಡಿನಲ್ಲಿಡಿಸುವ ಮನೆಗಳುಂಟು. ಕೊರಳಿನ ಕರಡಿಗೆಯನ್ನು ಗೂಡಿನಲ್ಲಿಡಬಹುದು, ಸರಿ. ಆಕೆಯ ಮೂಗಿನಲ್ಲಿರುವ ನಕಾರವನ್ನು, ಹೃದಯದಲ್ಲಿರುವ ಓಂಕಾರವನ್ನು ಎಲ್ಲಿಡಿಸುವುದು? ಇಂಥ ಮನೆಯಲ್ಲಿ ಪೀಠದಿಂದ ಅಪ್ಪಣೆ ಬರಲೆಂದು ಕಾಯಬೇಕಾಗಿಲ್ಲ. ಅತ್ತೆಯಾದವಳೇ ಆ ಕರಡಿಗೆಯನ್ನು ಗೂಡಿನಿಂದ ತೆಗೆದು ಸೊಸೆಯ ಕೊರಳಿಗೆ ಕಟ್ಟಿದರೆ ಸಾಕು.