ವಾಡಿಕೆ ಮಳೆ ಎಂದರೆ ಎಷ್ಟು ಮಳೆ?

ಬೆಳಿಗ್ಗೆ ಎಂಟೂವರೆ. ಕಚೇರಿ ಆವರಣದ ಮಳೆಮಾಪಕದ ಮೇಲಿನ ಆಲಿಕೆ ತೆಗೆದು, ಒಳಗಿನ ಬಾಟಲಿಯ ನೀರನ್ನು ಗೆರೆ ಕೊರೆದ ಗಾಜಿನ ಅಳತೆಪಾತ್ರೆಗೆ ಸುರಿದು, ಸಿಬ್ಬಂದಿ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾರೆ. ನಿನ್ನೆ ಇದೇ ಹೊತ್ತಿನಿಂದ ಇಲ್ಲಿಯವರೆಗೆ 12 ಮಿಲಿಮೀಟರ್. ಅಷ್ಟು ಬರೆದುಕೊಂಡರೆ ಆ ದಿನದ ಅಳತೆ ಮುಗಿಯಿತು. ತೊಡಕು ಶುರುವಾಗುವುದು ಆ ಅಂಕಿಯ ಪಕ್ಕ ‘ವಾಡಿಕೆ’ ಎಂಬ ಮಾತು ಬಂದು ಕೂತಾಗ.

ಮನೆಮಾತಿನಲ್ಲಿ ವಾಡಿಕೆ ಎಂದರೆ ರೂಢಿ, ನಡೆದುಬಂದ ಪದ್ಧತಿ. ‘ನಮ್ಮಲ್ಲಿ ಹಾಗೆ ಮಾಡುವ ವಾಡಿಕೆ ಇಲ್ಲ’ ಎಂದು ಹಿರಿಯರು ಹೇಳಿದರೆ ಎದುರಿಗಿದ್ದವರಿಗೆ ಲೆಕ್ಕ ಬೇಕಾಗುವುದಿಲ್ಲ. ಹವಾಮಾನ ಇಲಾಖೆಯ ವಾಡಿಕೆ ಹಾಗಲ್ಲ. ಹಲವು ವರ್ಷಗಳ ಮಳೆಯನ್ನು ಕೂಡಿ, ವರ್ಷಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿಯೇ ಅದು. ಇಂಗ್ಲಿಷಿನ ‘ನಾರ್ಮಲ್’ಗೆ ಪತ್ರಿಕೆಗಳು ಈ ಕನ್ನಡ ಪದವನ್ನು ಬಳಸುತ್ತವೆ. ಪದ ಕಿವಿಗೆ ಹಿತವಾಗಿದೆ, ಆಪ್ತವಾಗಿದೆ. ಅಪಾಯ ಇರುವುದೂ ಅಲ್ಲೇ: ‘ಸರಾಸರಿಗಿಂತ ಕಡಿಮೆ’ ಎಂದರೆ ಒಂದು ಲೆಕ್ಕ ಕಣ್ಣಿಗೆ ಬರುತ್ತದೆ, ‘ವಾಡಿಕೆಗಿಂತ ಕಡಿಮೆ’ ಎಂದರೆ ಏನೋ ಎಡವಟ್ಟಾಗಿದೆ ಎನ್ನಿಸುತ್ತದೆ.

ಒಂದು ಬಯಲುಸೀಮೆಯ ಊರನ್ನು ಊಹಿಸಿಕೊಳ್ಳಿ. ಅಲ್ಲಿ ಐದು ವರ್ಷ ಬಿದ್ದ ಮಳೆ 380, 400, 420, 450 ಮತ್ತು 850 ಮಿಲಿಮೀಟರ್. ಒಟ್ಟು 2,500, ಸರಾಸರಿ 500. ಐದರಲ್ಲಿ ನಾಲ್ಕು ವರ್ಷವೂ ವಾಡಿಕೆಗಿಂತ ಕಡಿಮೆಯೇ! ಕೆರೆಕೋಡಿ ಹರಿಸಿದ ಆ ಒಂದೇ ವರ್ಷ ಸರಾಸರಿಯನ್ನು ಎತ್ತಿಹಿಡಿದಿದೆ. ಊರಿನವರಿಗೆ ರೂಢಿಯಾಗಿರುವುದು ನಾನೂರರ ಆಸುಪಾಸಿನ ಮಳೆ. ಲೆಕ್ಕ ಹೇಳುವಂತೆ ಸರಿಯಾಗಿ ಐನೂರು ಮಿಲಿಮೀಟರ್ ಅವರ ಹೊಲದಲ್ಲಿ ಒಂದು ವರ್ಷವೂ ಬಿದ್ದಿಲ್ಲ. ಇದು ಕಾಗದದ ಮೇಲಿನ ಉದಾಹರಣೆ ನಿಜ, ಆದರೆ ಮಳೆ ಕಡಿಮೆ ಇರುವ ಸೀಮೆಗಳ ಗುಣವೇ ಹೀಗೆ. ಅಪರೂಪಕ್ಕೊಮ್ಮೆ ಸುರಿಯುವ ದೊಡ್ಡ ಮಳೆ ಸರಾಸರಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಜಾಗ ಬದಲಾದರೂ ಇದೇ ಕಥೆ. ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಬಯಲುಸೀಮೆಯ ಚಳ್ಳಕೆರೆಯಲ್ಲಿ 500 ಮುಟ್ಟುವುದೇ ಕಷ್ಟ. ಎರಡನ್ನೂ ಒಳಗೊಂಡ ರಾಜ್ಯದ ಸರಾಸರಿ ಈ ಎರಡೂ ಊರಿನವರ ಅನುಭವಕ್ಕೆ ಬಾರದ ಅಂಕಿ.

ಇನ್ನು ‘ವಾಡಿಕೆಯಷ್ಟು’ ಎನ್ನುವುದಕ್ಕೆ ಇಲಾಖೆಯಲ್ಲೇ ಎರಡು ಅಳತೆಗೋಲುಗಳಿವೆ. ಇಡೀ ದೇಶದ ಮುಂಗಾರಿಗಾದರೆ ಸರಾಸರಿಯ ಶೇ 96ರಿಂದ 104ರವರೆಗೆ ಬಿದ್ದರೆ ಮಾತ್ರ ವಾಡಿಕೆ ಮಳೆ. ಜಿಲ್ಲೆಯ ಮಟ್ಟಕ್ಕೆ ಬಂದರೆ ಶೇ 19ರಷ್ಟು ಕಡಿಮೆಯಾದರೂ, ಶೇ 19ರಷ್ಟು ಹೆಚ್ಚಾದರೂ ಅದು ವಾಡಿಕೆಯೇ. ಇದಕ್ಕೆ ಒಳ್ಳೆಯ ಕಾರಣವಿದೆ. ದೇಶದಷ್ಟು ವಿಶಾಲ ಪ್ರದೇಶದಲ್ಲಿ ಒಂದೆಡೆಯ ಕೊರತೆಯನ್ನು ಇನ್ನೊಂದೆಡೆಯ ಅತಿಮಳೆ ತುಂಬುವುದರಿಂದ ಒಟ್ಟು ಮೊತ್ತ ಹೆಚ್ಚು ಓಲಾಡುವುದಿಲ್ಲ. ಸಣ್ಣ ಪ್ರದೇಶದಲ್ಲಿ ಓಲಾಟ ಸಹಜ. ಲೆಕ್ಕದವರ ದೃಷ್ಟಿಯಲ್ಲಿ ಇದು ಸರಿಯೇ. ಆದರೆ 300 ಮಿಲಿಮೀಟರ್ ವಾಡಿಕೆ ಇರುವ ಕಡೆ 243 ಬಿದ್ದರೂ ಪಟ್ಟಿಯಲ್ಲಿ ‘ವಾಡಿಕೆ’ ಎಂದೇ ದಾಖಲಾಗುತ್ತದೆ. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು, ಎಕರೆಗೆ ಸುಮಾರು 4,047 ಲೀಟರ್. ಬಾರದೇ ಹೋದ ಆ 57 ಮಿಲಿಮೀಟರ್ ಪ್ರತಿ ಎಕರೆಗೂ ಎರಡು ಕಾಲು ಲಕ್ಷ ಲೀಟರಿಗಿಂತ ಹೆಚ್ಚು ನೀರು. ಒಣಬೇಸಾಯದವರು ಅದನ್ನು ಸಹಜವೆಂದು ಹೇಗೆ ಒಪ್ಪಿಯಾರು?

‘ನಾರ್ಮಲ್’ ಎಂಬ ಪದ ಕಾಡಿದ್ದು ಮಳೆಯ ಲೆಕ್ಕದಲ್ಲಿ ಮಾತ್ರವಲ್ಲ. ಅಂಕಿಗಳ ಹಂಚಿಕೆಯನ್ನು ತೋರಿಸುವ ಗಂಟೆಯಾಕಾರದ ಪ್ರಸಿದ್ಧ ರೇಖೆಗೆ ‘ನಾರ್ಮಲ್ ಕರ್ವ್’ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಪ್ರಮುಖರು. ಅದನ್ನು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಹೆಸರಿನಿಂದ ಕರೆಯಬೇಕೋ ಜರ್ಮನಿಯ ಗೌಸ್ ಹೆಸರಿನಿಂದಲೋ ಎಂಬ ದೇಶದೇಶಗಳ ಜಗಳ ಇದರಿಂದ ತಪ್ಪಿತು. ಆದರೆ ಉಳಿದ ಹಂಚಿಕೆಗಳೆಲ್ಲ ಅಸಹಜವೆಂದು ಜನ ಭಾವಿಸುವಂತಾಯಿತು ಎಂದು 1920ರಲ್ಲಿ ಪಿಯರ್ಸನ್ ಅವರೇ ಬರೆದರು. ಅಷ್ಟರಲ್ಲಿ ಹೆಸರು ಅಂಟಿಯಾಗಿತ್ತು.

ಮತ್ತೆ ಮಳೆಗೇ ಮರಳಿದರೆ, ನಮ್ಮ ರೈತರ ವಾಡಿಕೆಯಲ್ಲಿ ಮೊತ್ತಕ್ಕಿಂತ ಮುಖ್ಯವಾದದ್ದು ಕಾಲ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಹದಿಮೂರು–ಹದಿನಾಲ್ಕು ದಿನಗಳ ನಕ್ಷತ್ರದ ಲೆಕ್ಕದಲ್ಲಿ ಅವರು ಮಳೆಗೆ ಹೆಸರಿಡುತ್ತಾರೆ. ಯಾವ ಮಳೆಗೆ ಬಿತ್ತನೆ, ಯಾವ ಮಳೆಗೆ ಕಳೆ ಎಂಬುದು ಅದರಲ್ಲೇ ಅಡಗಿದೆ. ಚಳ್ಳಕೆರೆ ಕಡೆಯ ಶೇಂಗಾ ಹೊಲವನ್ನೇ ನೋಡಿ. ಹೂವು ಉದುರಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆ ಬಾಗಿ ಮಣ್ಣಿಗಿಳಿಯುತ್ತದೆ, ಕಾಯಿ ಕಟ್ಟುವುದು ಅದರ ತುದಿಯಲ್ಲಿ. ಆ ದಿನಗಳಲ್ಲಿ ನೆಲ ಒಣಗಿ ಗಟ್ಟಿಯಾಗಿದ್ದರೆ ಎಳೆ ಒಳಗೆ ಇಳಿಯಲಾರದು. ತಿಂಗಳು ಕಳೆದು ಒಂದೇ ರಾತ್ರಿ ನೂರು ಮಿಲಿಮೀಟರ್ ಸುರಿದರೆ ಸರಾಸರಿ ತುಂಬೀತು, ಗಿಡದ ಬುಡ ತುಂಬದು.

2023ರಲ್ಲಿ ರಾಜ್ಯ ಇದನ್ನು ಕಣ್ಣಾರೆ ಕಂಡಿತು. ಜೂನ್ ತಿಂಗಳು ಕೈಕೊಟ್ಟಿತು, ಜುಲೈನಲ್ಲಿ ವಾಡಿಕೆಗಿಂತ ಹೆಚ್ಚು ಸುರಿಯಿತು, ಆಗಸ್ಟ್‌ನಲ್ಲಿ ಮೋಡಗಳು ಮುಖ ತಿರುಗಿಸಿದವು; ಆ ತಿಂಗಳ ಕೊರತೆ ಶೇ 73. ದೇಶದ ಲೆಕ್ಕದಲ್ಲಿ ಆ ವರ್ಷದ ಮುಂಗಾರು ಸರಾಸರಿಯ ಶೇ 94, ಅಂದರೆ ಬರೀ ಆರರಷ್ಟು ಕಡಿಮೆ. ಕರ್ನಾಟಕದ ಕೊರತೆ ಶೇ 25ರಷ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬರ ನಿರ್ಧರಿಸುವ ಕೇಂದ್ರದ 2016ರ ಕೈಪಿಡಿ ಋತುವಿನ ಮೊತ್ತವನ್ನಷ್ಟೇ ನೋಡದೆ, ವಾರವಾರದ ಮಳೆ ಸತತವಾಗಿ ವಾಡಿಕೆಯ ಅರ್ಧಕ್ಕಿಂತ ಕೆಳಗಿಳಿದ ಒಣ ಅವಧಿಗಳನ್ನೂ ಗಮನಿಸುತ್ತದೆ. ರೈತರ ವಾಡಿಕೆಗೆ ಇದು ಸ್ವಲ್ಪ ಹತ್ತಿರ.

ಈ ಲೆಕ್ಕದ ವಾಡಿಕೆ ಸ್ಥಿರವಾಗಿಯೂ ನಿಲ್ಲುವುದಿಲ್ಲ. 1961ರಿಂದ 2010ರವರೆಗಿನ ಐವತ್ತು ವರ್ಷಗಳನ್ನು ಆಧರಿಸಿದ್ದಾಗ ದೇಶದ ಮುಂಗಾರಿನ ವಾಡಿಕೆ 880.6 ಮಿಲಿಮೀಟರ್ ಇತ್ತು. 2022ರಲ್ಲಿ ಇಲಾಖೆ ಅದನ್ನು 1971–2020ರ ಅವಧಿಗೆ ಬದಲಿಸಿದಾಗ 868.6ಕ್ಕೆ ಇಳಿಯಿತು. ಹಳೆಯ ವಾಡಿಕೆಗಿಂತ ಹನ್ನೆರಡು ಮಿಲಿಮೀಟರ್ ಕಡಿಮೆ ಬಿದ್ದರೂ ಈಗ ಅದು ಪೂರ್ತಿ ವಾಡಿಕೆ. ಅವಧಿಯನ್ನು ಇದೇ ರೀತಿ ಇನ್ನೂ ಹತ್ತು ವರ್ಷ ಮುಂದಕ್ಕೆ ಸರಿಸಿದರೆ 1971ರಿಂದ 1980ರವರೆಗಿನ ಮಳೆಗಾಲಗಳು ಹೊರಬಿದ್ದು, 2021ರಿಂದ 2030ರವರೆಗಿನವು ಒಳಬರುತ್ತವೆ. ಶೇಂಗಾ, ರಾಗಿಯನ್ನು ಒಣಗಿಸಿದ 2023ರ ಆ ಆಗಸ್ಟ್ ಕೂಡ ಆಗ ವಾಡಿಕೆಯ ಲೆಕ್ಕದೊಳಗೆ ಸೇರಿರುತ್ತದೆ.