ಎಂಬಿಎ ಅರ್ಜಿ: ಕನ್ಸಲ್ಟೆಂಟ್‌ಗಳ ಗುಂಪಲ್ಲಿ ಎದ್ದು ಕಾಣುವುದು ಹೇಗೆ?

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಎಂಬಿಎಗೆ ವರ್ಷಕ್ಕೆ ಸೇರುವವರು 900ರ ಆಸುಪಾಸು. ಸ್ಟ್ಯಾನ್‌ಫರ್ಡ್‌ನಲ್ಲಿ ಅದರ ಅರ್ಧವೂ ಇಲ್ಲ. ಎರಡೂ ಕಡೆ ಕನ್ಸಲ್ಟೆಂಟ್‌ಗಳದ್ದು ದೊಡ್ಡ ಪಾಲು.

ತೊಡಕು ಇರುವುದೂ ಅಲ್ಲೇ. ಮೆಕಿನ್ಸಿ, ಬಿಸಿಜಿ, ಬೇನ್ ಈ ಮೂರು ಕನ್ಸಲ್ಟಿಂಗ್ ಕಂಪನಿಗಳಿಗೂ ಬೆಂಗಳೂರಲ್ಲಿ ಕಚೇರಿಯಿದೆ; ಅಲ್ಲಿಂದ ಹೋಗುವ ಅರ್ಜಿಗಳು ಅವಳಿ ಮಕ್ಕಳಂತೆ ಕಾಣುತ್ತವೆ.

‘ಗ್ರಾಹಕ ಕಂಪನಿಯ ವೆಚ್ಚ ಕಡಿತಕ್ಕೆ ತಂತ್ರ ರೂಪಿಸಿದೆ’ ಎಂಬ ಸಾಲನ್ನೇ ನೋಡಿ. ಯಾರು ಬೇಕಾದರೂ ಬರೆಯಬಹುದು. ಅದರ ಬದಲು ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್ ಬಳಿ ರಾತ್ರಿ ನಿಂತು, ಕಬ್ಬಿನ ಲಾರಿಗಳು ಯಾಕೆ ಕಾಯುತ್ತಿವೆ ಎಂದು ಚಾಲಕರನ್ನೇ ಕೇಳಿ, ತಕರಾರು ತೆಗೆದ ಮ್ಯಾನೇಜರನ್ನು ಒಪ್ಪಿಸಿದ ಕತೆಯಿದ್ದರೆ? ಸ್ಲೈಡಿನ ಹಿಂದಿನ ಮನುಷ್ಯ ಕಾಣುತ್ತಾನೆ. ಗ್ರಾಹಕರ ಹೆಸರು ಮಾತ್ರ ಬಾಯಿಬಿಡುವಂತಿಲ್ಲ. ಗೋಪ್ಯತೆಯ ಕರಾರು ಇರುತ್ತದಲ್ಲ!

ಹಾರ್ವರ್ಡ್ 2024ರಲ್ಲಿ ಒಂದು ದೊಡ್ಡ ಪ್ರಬಂಧದ ಬದಲು ಮೂರು ಚಿಕ್ಕವನ್ನು ಕೇಳಿತು: ವ್ಯವಹಾರ, ನಾಯಕತ್ವ, ಬೆಳವಣಿಗೆ. ಯಾವುದೂ 300 ಪದ ದಾಟುವಂತಿಲ್ಲ. ಸ್ಟ್ಯಾನ್‌ಫರ್ಡ್‌ನ ಪ್ರಶ್ನೆ ಇನ್ನೂ ನೇರ: ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು, ಯಾಕೆ? ಕನ್ಸಲ್ಟೆಂಟ್‌ಗಳ ಪ್ರೀತಿಯ ಫ್ರೇಮ್‌ವರ್ಕ್ ಇಲ್ಲಿ ನಡೆಯದು.

ಶಿಫಾರಸು ಪತ್ರದಲ್ಲೂ ಹುದ್ದೆಯ ಮೋಹ ಬೇಡ. ಮುಖ ಪರಿಚಯವಷ್ಟೇ ಇರುವ ಸೀನಿಯರ್ ಪಾರ್ಟ್‌ನರ್‌ಗಿಂತ, ದಿನವೂ ಕೆಲಸ ನೋಡಿದ ಮ್ಯಾನೇಜರ್ ಬರೆದದ್ದೇ ಗಟ್ಟಿ.

ಕೊನೆಗೆ ಸಂದರ್ಶನ. ಹಾರ್ವರ್ಡ್‌ನಲ್ಲಿ ಅದು 30 ನಿಮಿಷ; ಎದುರು ಕೂತವರು ಅರ್ಜಿಯನ್ನು ಪೂರ್ತಿ ಓದಿಯೇ ಬಂದಿರುತ್ತಾರೆ. ಉಬ್ಬಿಸಿ ಬರೆದ ಸಾಲೇನಾದರೂ ಇದ್ದರೆ, ಸಲ್ಲಿಸುವ ಮೊದಲೇ ಅಳಿಸಿಬಿಡಿ.